ಕುರ್ಚಿಗೊಂದು ನಂಬರು

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಆ ಕುರ್ಚಿಯ ಬಟ್ಟೆ ಹೊಲಿದುಕೊಟ್ಟವಳು ನಾನೇ, ನಿಜ. ಆದರೆ ಆಮೇಲೆ ನಡೆದ ರಾದ್ಧಾಂತಕ್ಕೂ ನನಗೂ ಸಂಬಂಧವಿಲ್ಲ. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ನಾನು ಬೈಂಡರು. ಹರಿದದ್ದು ಏನೇ ಬರಲಿ, ಅಂಟು ಹಚ್ಚಿ, ಹೊಲಿದು, ವಾಪಸು ಕಳಿಸುವುದು ನನ್ನ ಕೆಲಸ. ಅದು ಯಾರ ಮನೆಯದು, ಯಾರನ್ನು ಕೇಳಿ ತಂದರು ಅಂತ ವಿಚಾರಿಸುವುದಕ್ಕೆ ನನಗೆ ಯಾರೂ ಸಂಬಳ ಕೊಡುವುದಿಲ್ಲ.

ತಪ್ಪೆಲ್ಲ ಆಯ್ತುಬಿಡಿಯದು. ಅವನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇದೆ, ಆದರೆ ಅದು ಹಾಜರಿ ಪುಸ್ತಕ ಬಿಟ್ಟು ಈಚೆಗೆ ಬಂದದ್ದೇ ಇಲ್ಲ. ಯಾರು ಏನು ಹೇಳಿದರೂ "ಆಯ್ತು ಬಿಡಿ" ಅನ್ನುವುದು ಅವನ ಅಭ್ಯಾಸ. ಒಬ್ಬರು "ಈ ಪೆಟ್ಟಿಗೆ ಮೇಲಿನ ಮಹಡಿಗೆ ಹೋಗಲಿ" ಅಂದರೆ "ಆಯ್ತು ಬಿಡಿ". ಇನ್ನೊಬ್ಬರು "ಅದೇ ಪೆಟ್ಟಿಗೆ ನೆಲಮಾಳಿಗೆಗೆ" ಅಂದರೆ ಅದಕ್ಕೂ "ಆಯ್ತು ಬಿಡಿ". ಎಷ್ಟೋ ದಿನ ಪೆಟ್ಟಿಗೆ ಲಿಫ್ಟಿನಲ್ಲೇ ಸಂಜೆಯವರೆಗೆ ಮೇಲೂ ಕೆಳಗೂ ಓಡಾಡಿದ್ದುಂಟು.

ಅವನಿದ್ದದ್ದು ವಿಶೇಷ ಸಂಗ್ರಹ ವಿಭಾಗದಲ್ಲಿ. ಸತ್ತ ದೊಡ್ಡವರ ಕಾಗದ ಪತ್ರ, ಕನ್ನಡಕ, ಪೆನ್ನು, ಕೊಡೆ ಎಲ್ಲ ಬಂದು ಸೇರುವ ನೆಲಮಾಳಿಗೆ ಅದು. ಕೆಲಸ ತಾತ್ಕಾಲಿಕ. ಪ್ರತಿ ಸಲ ಅವಧಿ ಮುಗಿಯುವ ಹೊತ್ತಿಗೆ ಅವನ ಮುಖ ಸಣ್ಣದಾಗುತ್ತಿತ್ತು, ಅವನ ಹೆಂಡತಿಯ ದನಿ ದೊಡ್ಡದಾಗುತ್ತಿತ್ತು. ಇದು ನನಗೆ ಹೇಗೆ ಗೊತ್ತು ಅಂದರೆ, ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಅವರ ಮನೆ ಅನ್ನುವುದೂ ತಪ್ಪು. ಅದು ಅವನ ಮಾವನ ಮನೆ.

ಮಾವನ ಬಗ್ಗೆ ಹೇಳಲೇಬೇಕು. ನ್ಯಾಯಾಲಯದಲ್ಲಿ ಬಾಗಿಲ ಬಳಿ ನಿಂತು ವಾದಿ ಪ್ರತಿವಾದಿಗಳ ಹೆಸರು ಕೂಗುವ ಕೆಲಸ ಮಾಡಿ ನಿವೃತ್ತರಾದವರು. ಆ ಗಂಟಲು ನಿವೃತ್ತವಾಗಿರಲಿಲ್ಲ. ಅವರು ಅಲ್ಲಿ ಮಗಳ ಹತ್ತಿರ ಉಪ್ಪು ಕೇಳಿದರೆ ಇಲ್ಲಿ ನಾನು ಡಬ್ಬಿಗೆ ಕೈ ಹಾಕುತ್ತಿದ್ದೆ. ಸರ್ವೀಸು ಪೂರ್ತಿ ನಿಂತುಕೊಂಡೇ ಕಳೆದವರು. ನ್ಯಾಯಾಧೀಶರು ಕೂತಿರುತ್ತಿದ್ದರು, ವಕೀಲರು ಕೂರುತ್ತಿದ್ದರು, ಕಳ್ಳನಿಗೂ ಸುಸ್ತಾದರೆ ಒಂದು ಸ್ಟೂಲು ಸಿಗುತ್ತಿತ್ತು, ಇವರಿಗೆ ಮಾತ್ರ ಇಲ್ಲ. ನಿವೃತ್ತಿಯಾದ ಸಂಜೆ ನೆಟ್ಟಗೆ ಅಂಗಡಿಗೆ ಹೋಗಿ, ಉದ್ದ ತೋಳಿನ, ಕ್ಯಾನ್ವಾಸಿನ ಒಂದು ಆರಾಮಕುರ್ಚಿ ತಂದು ಹಾಲಿನ ಮಧ್ಯೆ ಹಾಕಿ, "ಇನ್ನು ನಾನು ಕೂತ್ಕೋತೀನಿ. ನಿಲ್ಲೋರು ನಿಂತ್ಕೊಳ್ಳಲಿ" ಅಂತ ಘೋಷಿಸಿದರು. ಅಂದಿನಿಂದ ಅದರಲ್ಲಿ ಇನ್ನೊಬ್ಬರು ಕೂತಿಲ್ಲ. ಆಯ್ತುಬಿಡಿ ಆ ಮನೆಗೆ ಮೊದಲ ಸಲ ಬಂದಾಗ, ಪಾಪ, ಗೊತ್ತಿಲ್ಲದೆ ಅದರ ಕಡೆ ಬಗ್ಗಿದ. "ಏಳ್ರೀ!" ಅಂದರು ನೋಡಿ, ಆವತ್ತಿನಿಂದ ಅವನು ಆ ಮನೆಯಲ್ಲಿ ಯಾವ ಕುರ್ಚಿಯಲ್ಲೂ ಪೂರ್ತಿ ಕೂತದ್ದನ್ನು ನಾನು ನೋಡಿಲ್ಲ. ತುದಿಯಲ್ಲೇ ಕೂರುತ್ತಾನೆ.

ಇಂಥ ಕುರ್ಚಿಯನ್ನು ಅವನು ಗ್ರಂಥಾಲಯಕ್ಕೆ ತಂದ.

ಆದದ್ದು ಇಷ್ಟು. ಸಸ್ಯಶಾಸ್ತ್ರದ ಒಬ್ಬ ದೊಡ್ಡ ಪ್ರೊಫೆಸರು, ತೀರಿಕೊಂಡು ಬಹಳ ವರ್ಷ ಆಗಿತ್ತು. ಅವರ ಮಗಳು ಅಪ್ಪನ ಟಿಪ್ಪಣಿಗಳನ್ನೆಲ್ಲ ನಮಗೆ ಕೊಟ್ಟಿದ್ದರು. ಅಸಲಿ ಆಸ್ತಿ ಮಾತ್ರ ಇನ್ನೂ ಅವರ ಮನೆಯಲ್ಲೇ ಇತ್ತು: ಜೀವಮಾನವೆಲ್ಲ ಅಲೆದು ಒಣಗಿಸಿ ಹಾಳೆಗೆ ಅಂಟಿಸಿದ ಎಲೆಗಳ ಪೆಟ್ಟಿಗೆಗಳು. "ಪ್ರದರ್ಶನ ಹೇಗೆ ಮಾಡ್ತೀರೋ ನೋಡಿ ಆಮೇಲೆ ಹೇಳ್ತೀನಿ" ಅಂದಿದ್ದರು ಆಕೆ. ನಮ್ಮ ವಿಭಾಗದ ಮುಖ್ಯಸ್ಥೆ, ಅವರನ್ನು ನಾವೆಲ್ಲ ಮೇಡಂ ಅನ್ನುತ್ತೇವೆ, ಆ ಪೆಟ್ಟಿಗೆಗಳಿಗಾಗಿ ಊಟ ನಿದ್ದೆ ಬಿಟ್ಟಿದ್ದರು. ಪ್ರದರ್ಶನದ ಹಾಲಿನಲ್ಲಿ ಪ್ರೊಫೆಸರರ ಓದುವ ಕೋಣೆಯನ್ನೇ ಎಬ್ಬಿಸಿ ನಿಲ್ಲಿಸುವುದು ಅವರ ಯೋಜನೆ. ಮೇಜು ಇತ್ತು, ದೀಪ ಇತ್ತು, ಭೂತಗನ್ನಡಿ ಇತ್ತು. ಫೋಟೋದಲ್ಲಿ ಪ್ರೊಫೆಸರರು ಒರಗಿ ಕೂತಿದ್ದ ಕುರ್ಚಿ ಮಾತ್ರ ಇರಲಿಲ್ಲ.

"ಇಂಥ ಕುರ್ಚಿ ಈಗೆಲ್ಲಿ ಸಿಗುತ್ತೆ?" ಅಂತ ಮೇಡಂ ಸಭೆಯಲ್ಲಿ ನಿಟ್ಟುಸಿರು ಬಿಟ್ಟರು. ಆಯ್ತುಬಿಡಿ ಚಹಾದ ತಟ್ಟೆ ಹಿಡಿದು ಬಂದವನು ಫೋಟೋಕ್ಕೆ ಕಣ್ಣು ಹಾಯಿಸಿದ.

"ಇದಾ? ಇಂಥದ್ದು ನಮ್ಮನೇಲೇ ಇದೆ ಮೇಡಂ."

ಆ ಸಭೆಯಲ್ಲಿ ಅದುವರೆಗೆ ಯಾರೂ ಅವನ ಮುಖ ನೋಡಿದ್ದಿಲ್ಲ. ಈಗ ಎಲ್ಲರೂ ತಿರುಗಿ ನೋಡಿದರು. ಅಷ್ಟಕ್ಕೇ ಉಬ್ಬಿಹೋದ. "ನಮ್ಮ ಕಡೆ ಹಳೇ ವಸ್ತುಗಳ ಬಗ್ಗೆ ಮೊದಲಿಂದ್ಲೂ ಸ್ವಲ್ಪ ಆಸಕ್ತಿ" ಅಂತ ಬೇರೆ ಸೇರಿಸಿದ.

"ತಂದುಬಿಡಿ" ಅಂದರು ಮೇಡಂ. "ಈ ಪ್ರದರ್ಶನ ಚೆನ್ನಾಗಿ ಆಗಲಿ. ವಿಭಾಗದಲ್ಲಿ ಒಂದು ಕಾಯಂ ಹುದ್ದೆ ಖಾಲಿ ಇದೆ, ಗೊತ್ತಲ್ಲ?"

"ಆಯ್ತು ಬಿಡಿ ಮೇಡಂ."

ಮಾವ ಆಗ ಪರವೂರಿನಲ್ಲಿ ದೊಡ್ಡ ಮಗಳ ಮನೆಯಲ್ಲಿದ್ದರು. ಪ್ರದರ್ಶನ ಮುಗಿದ ಮೇಲೆಯೇ ಬರುವವರು. ತಂದು, ತೋರಿಸಿ, ವಾಪಸು ಇಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಅವನ ಲೆಕ್ಕಾಚಾರದಲ್ಲಿ ತಪ್ಪೇನೂ ಇರಲಿಲ್ಲ, ನಂಬರಪ್ಪ ಒಬ್ಬನನ್ನು ಮರೆತಿದ್ದ ಅಷ್ಟೇ.

ನಮ್ಮ ನೆಲಮಾಳಿಗೆಯ ಹಿಂಬಾಗಿಲಲ್ಲಿ ಕೂರುವ ನೋಂದಣಿ ಗುಮಾಸ್ತನೇ ನಂಬರಪ್ಪ. ಬಾಗಿಲು ದಾಟಿ ಒಳಗೆ ಬಂದದ್ದಕ್ಕೆಲ್ಲ ಅವನು ನಂಬರು ಹಾಕುತ್ತಾನೆ. ನಂಬರು ಬಿದ್ದದ್ದು ಹೊರಗೆ ಹೋಗಬೇಕಾದರೆ ಸಮಿತಿ ಒಪ್ಪಬೇಕು. ಆ ಸಮಿತಿ ಸೇರಿದ್ದನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಯಾರೂ ಉಳಿದಿಲ್ಲ. ಒಮ್ಮೆ ಓದಲು ಬಂದ ವಿದ್ವಾಂಸರೊಬ್ಬರು ಒದ್ದೆ ಕೊಡೆಯನ್ನು ಅವನ ಮೇಜಿಗೆ ಒರಗಿಸಿ ಒಳಗೆ ಹೋದರು. ಈಚೆಗೆ ಬರುವಷ್ಟರಲ್ಲಿ ಕೊಡೆಗೆ ನಂಬರು ಬಿದ್ದಿತ್ತು. ಈಗಲೂ ಆ ಮನುಷ್ಯ ಮಳೆ ಬಂದಾಗೆಲ್ಲ ಅರ್ಜಿ ಹಾಕಿ, ಕೈಗವಸು ತೊಟ್ಟು, ತನ್ನ ಕೊಡೆಯನ್ನು ನೋಡಿಕೊಂಡು ನೆನೆಯುತ್ತಾ ಹೋಗುತ್ತಾರೆ.

"ದಾನವೋ, ಎರವಲೋ?" ಅಂತ ಕೇಳಿದ ನಂಬರಪ್ಪ.

"ಎರವಲು, ಎರವಲು. ವಾಪಸು ಬೇಕು."

"ಹಾಗಾದ್ರೆ ಮಾಲೀಕರ ಸಹಿ."

"ಮಾಲೀಕರು ಊರಲ್ಲಿಲ್ವಲ್ಲ."

"ಮಾಲೀಕರ ಸಹಿ ಇಲ್ಲದಿದ್ರೆ ಎರವಲು ಬರೋಕಾಗಲ್ಲ. ದಾನಕ್ಕಾದ್ರೆ ತಂದವರ ಸಹಿ ಸಾಕು. ಬೇಗ ಹೇಳಿ, ಮೇಡಂ ಕಾಯ್ತಿದಾರೆ."

ಇಲ್ಲಿ ಯಾವ ಮನುಷ್ಯನಾದರೂ ಒಂದು ಕ್ಷಣ ಯೋಚನೆ ಮಾಡುತ್ತಾನೆ. ನಮ್ಮವನು "ಆಯ್ತು ಬಿಡಿ" ಅಂತ ದಾನಕ್ಕೆ ಸಹಿ ಹಾಕಿದ.

ನಂಬರಪ್ಪ ಕುರ್ಚಿಯನ್ನು ತಲೆಕೆಳಗು ಮಾಡಿ, ಕಾಲಿನ ಒಳಬದಿಗೆ ಬಿಳಿ ಬಣ್ಣದಲ್ಲಿ ನಂಬರು ಬರೆದು, ಬಣ್ಣ ಒಣಗುವ ತನಕ ಅದರ ಮೇಲೆ ಊದಿದ. ಆಮೇಲೆ, ಹುಳ ಇದ್ದರೆ ಸಾಯಲಿ ಅಂತ, ಅದನ್ನು ನಮ್ಮ ಶೀತಕೋಣೆಗೆ ಹಾಕಿದರು. ಹೊರಗೆ ತೆಗೆಯುವಾಗ ಕ್ಯಾನ್ವಾಸು ಬಿರುಕು ಬಿಟ್ಟಿತ್ತು, ಹಾಗಾಗಿ ನನ್ನ ಮೇಜಿಗೆ ಬಂತು. ಅದರ ಕಿರುಗುಟ್ಟುವ ಸದ್ದನ್ನು ದಿನಾ ಗೋಡೆಯಾಚೆಯಿಂದ ಕೇಳಿದವಳು ನಾನು, ಕೈ ಇಟ್ಟ ಕೂಡಲೇ ಗೊತ್ತಾಯಿತು.

"ಅಯ್ಯೋ ಪಾಪಿ! ನಿಮ್ಮಾವಂಗೆ ಹೇಳಿದೀಯೇನೋ?"

"ಅವರು ಬರೋದ್ರೊಳಗೆ ವಾಪಸು ಇಟ್ಟಿರ್ತೀನಿ ಅಕ್ಕಾ."

"ನಂಬರು ಬಿದ್ದದ್ದು ಹೊರಗೆ ಹೋಗುತ್ತೇನೋ? ಆ ಕೊಡೆಯವರ ಕಥೆ ಮರೆತ್ಯಾ?"

ಅವನ ಮುಖದ ಬಣ್ಣ ಇಳಿದದ್ದು ಆಗ. "ಆಯ್ತು ಬಿಡಿ" ಅಂದ, ಆದರೆ ದನಿ ಬರಲಿಲ್ಲ. ನನಗೆ ಸಿಟ್ಟೂ ಬಂತು, ಕನಿಕರವೂ ಬಂತು. ಹೊಲಿದುಕೊಟ್ಟೆ.

ಕುರ್ಚಿಯ ಮುಂದೆ ಇಡುವ ಚೀಟಿಯಲ್ಲಿ ಮೊದಲು "ಪ್ರೊಫೆಸರರ ಕುರ್ಚಿಯನ್ನು ಹೋಲುವ ಕುರ್ಚಿ" ಅಂತ ಇತ್ತು. ಮೇಡಂ ಅದನ್ನು ಹೊಡೆದು ಹಾಕಿದರು. "ಹೋಲೋ ಕುರ್ಚಿ ನೋಡೋಕೆ ಯಾರ್ರೀ ಬರ್ತಾರೆ?" ಹೊಸ ಚೀಟಿ ಬಂತು: "ಪ್ರೊಫೆಸರರು ಕುಳಿತು ಚಿಂತಿಸುತ್ತಿದ್ದ ಕುರ್ಚಿ". ಮಗಳಿಗೆ ಗೊತ್ತಾದರೆ ಅಂತ ನಾನು ಕೇಳಿದೆ. "ಆಗ ಅವರು ಚಿಕ್ಕವರು, ನೆನಪಿರಲ್ಲ. ನೀವು ಅಂಟು ನೋಡ್ಕೊಳ್ಳಿ" ಅಂದರು. ಸರಿ, ನಾನು ಅಂಟು ನೋಡಿಕೊಂಡೆ.

ಉದ್ಘಾಟನೆಯ ದಿನ ಬೆಳಿಗ್ಗೆ ನನ್ನ ಫೋನು ಹೊಡೆದುಕೊಂಡಿತು. ಸಂಗ್ರಹದ ಕೋಣೆಗೆ ಫೋನು ಒಯ್ಯುವಂತಿಲ್ಲವಾದ್ದರಿಂದ ಆಯ್ತುಬಿಡಿಯದು ಬೀರುವಿನೊಳಗಿತ್ತು. ಅವನ ಹೆಂಡತಿ ನನಗೆ ಮಾಡಿದ್ದಳು.

"ಅಕ್ಕಾ," ಪಿಸುಗುಟ್ಟಿದಳು, "ಅಪ್ಪ ಬಂದುಬಿಟ್ರು!"

"ಯಾಕೆ? ಇನ್ನೂ ಬರೋರಲ್ವಲ್ಲ!"

"ಅಕ್ಕನ ಮನೆ ಸೋಫಾ ಸರಿ ಇಲ್ಲವಂತೆ. ಕೂತ್ರೆ ಒಳಗೆ ಹೋಗ್ತೀನಿ, ಏಳೋಕೆ ಎರಡು ಜನ ಬೇಕು ಅಂತ ಜಗಳ ಆಡ್ಕೊಂಡು, ರಾತ್ರಿಯೆಲ್ಲ ಬಸ್ಸಿನಲ್ಲಿ ನಿಂತ್ಕೊಂಡು ಬಂದಿದಾರೆ."

ಅಷ್ಟರಲ್ಲಿ ಹಿಂದಿನಿಂದ ಆ ಗಂಟಲು ಕೇಳಿಸಿತು. ನಾನು ಫೋನನ್ನು ಕಿವಿಯಿಂದ ದೂರ ಹಿಡಿದೆ.

"ನನ್ನ ಕುರ್ಚಿ ಎಲ್ಲೇ?"

"ರಿಪೇರಿಗೆ ಕೊಟ್ಟಿದೀವಪ್ಪಾ."

"ಮುರಿದಿತ್ತಾ?"

"ಇಲ್ಲ."

"ಮುರೀದೆ ಇರೋದನ್ನ ರಿಪೇರಿ ಮಾಡೋ ಅಂಗಡಿ ಯಾವುದು? ಕೊಟ್ಟೋರು ಯಾರು? ಎಷ್ಟು ದಿನ ಆಯ್ತು? ನೆಲದ ಮೇಲೆ ಕುರ್ಚಿ ಇದ್ದ ಜಾಗದಲ್ಲಿ ಧೂಳು ಕೂತಿದೆಯಲ್ಲ, ಅದಕ್ಕೇನ್ ಹೇಳ್ತೀಯ?"

ಪಾಪ, ಆ ಹುಡುಗಿ ಪಾಟೀಸವಾಲಿಗೆ ತಡವರಿಸಿದಳು. ಮಾವನ ಹೆಜ್ಜೆ ಅಡುಗೆಮನೆ ಕಡೆ ಹೋಯಿತು, ನಿಂತಿತು. ಅಯ್ಯೋ, ಕೆಟ್ಟಿತು ಅಂದುಕೊಂಡೆ. ಯಾಕೆಂದರೆ ಅಡುಗೆಮನೆಯ ಕಪಾಟಿನ ಬಾಗಿಲಿಗೆ ಆಯ್ತುಬಿಡಿ ತನ್ನ ಘನತೆಗೆ ಸಾಕ್ಷಿಯಾಗಿ ಪ್ರದರ್ಶನದ ಆಮಂತ್ರಣ ಪತ್ರಿಕೆ ಅಂಟಿಸಿದ್ದ. ಅದರ ಮೇಲೆ ಪ್ರೊಫೆಸರರ ಫೋಟೋ ಇತ್ತು.

"ಯಾರೇ ಇವನು? ನನ್ನ ಕುರ್ಚೀಲಿ ಕೂತು ಫೋಟೋ ಬೇರೆ ತೆಗೆಸ್ಕೊಂಡಿದಾನೆ!"

"ಅಪ್ಪಾ, ಅವರು ತೀರಿಕೊಂಡು ಎಷ್ಟೋ ವರ್ಷ ಆಯ್ತಪ್ಪಾ!"

"ಸತ್ತೋನಿಗೆ ಕುರ್ಚಿ ಯಾಕೆ? ನನ್ನ ಚಪ್ಪಲಿ ಎಲ್ಲಿ?"

ಫೋನು ಕಟ್ಟಾಯಿತು. ನಾನು ಅಂಟಿನ ಕುಂಚ ಕೈಯಲ್ಲಿ ಹಿಡಿದೇ ಓಡಿದೆ. ಆಯ್ತುಬಿಡಿ ಹೊಸ ಅಂಗಿ ಹಾಕಿಕೊಂಡು ಹಾಲಿನಲ್ಲಿ ಗಾಜು ಒರೆಸುತ್ತಿದ್ದ. ಸುದ್ದಿ ಕೇಳಿ ಗಾಜಿಗೇ ಒರಗಿದ. ಒರೆಸಿದ ಗಾಜಿನ ಮೇಲೆ ಬೆವರಿನ ಅಚ್ಚು ಬಿತ್ತು.

"ಮಾವ ಮನೆ ಬಿಟ್ಟು ಹೋಗು ಅಂತಾರೆ ಅಕ್ಕಾ. ಇಲ್ಲಿ ಗಲಾಟೆ ಆದ್ರೆ ಕೆಲಸನೂ ಹೋಗುತ್ತೆ. ಎರಡೂ ಒಂದೇ ದಿನ!"

"ಅಳಬೇಡ, ನಂಬರಪ್ಪನ್ನ ಕೇಳು ನಡಿ."

ನಂಬರಪ್ಪ ಪೆನ್ಸಿಲು ಕೆತ್ತುತ್ತಾ ಪೂರ್ತಿ ಕೇಳಿಸಿಕೊಂಡ. "ಸಮಿತಿ ಒಪ್ಪಬೇಕು."

"ಅದು ನಮ್ಮನೇ ಕುರ್ಚಿ ಕಣಯ್ಯಾ!"

"ಆಗಿತ್ತು" ಅಂದ ನಂಬರಪ್ಪ.

ಅವನ ಪೆನ್ಸಿಲನ್ನು ಅವನ ಮೂಗಿಗೇ ತುರುಕಬೇಕು ಅನಿಸಿತು ನನಗೆ. ಹೊತ್ತಾಗಿತ್ತು. ಆಯ್ತುಬಿಡಿ ಬಾಗಿಲಿಗೆ ಓಡಿ ಕಾವಲುಗಾರನ ತೋಳು ಹಿಡಿದುಕೊಂಡ. "ಎತ್ತರದ ಮನುಷ್ಯ, ಬಿಳಿ ಮೀಸೆ, ದೊಡ್ಡ ದನಿ. ಬಂದ್ರೆ ಏನಾದ್ರೂ ಮಾಡು, ಒಳಗೆ ಮಾತ್ರ ಬಿಡಬೇಡ. ನಿನ್ನ ಕಾಲಿಗೆ ಬೀಳ್ತೀನಿ."

ಕಾವಲುಗಾರ ಪ್ರಾಮಾಣಿಕ. ಎತ್ತರದ, ಬಿಳಿ ಮೀಸೆಯ, ದೊಡ್ಡ ದನಿಯ ಮನುಷ್ಯ ಬಂದ ಕೂಡಲೇ ಅಡ್ಡಗಟ್ಟಿದ. "ನಾನು ಯಾರು ಗೊತ್ತೇನ್ರೀ?" ಅಂದರು ಬಂದವರು. "ಎಲ್ಲಾ ಗೊತ್ತು. ಸುಮ್ನೆ ಮನೆಗೆ ಹೋಗಿ ಮಲಗಿ" ಅಂದ ಕಾವಲುಗಾರ. ಬಂದವರು ವಿಶ್ವವಿದ್ಯಾಲಯದ ಕುಲಪತಿಗಳು, ಉದ್ಘಾಟನೆ ಮಾಡಬೇಕಾದವರು. ಅವರ ಪಕ್ಕದಲ್ಲಿ ಪ್ರೊಫೆಸರರ ಮಗಳು ನಿಂತು ಬಿಸಿಲಿಗೆ ಕೈ ಅಡ್ಡ ಹಿಡಿದಿದ್ದರು. ಮೇಡಂ ಕೂಗಿಕೊಂಡು ಓಡಿ ಹೋಗಿ, ಕೈ ಮುಗಿದು, ಕ್ಷಮೆ ಕೇಳಿ, ಕಾವಲುಗಾರನನ್ನು ಬೈದು, ಕುಲಪತಿಗಳನ್ನು ಸಮಾಧಾನ ಮಾಡುವಷ್ಟರಲ್ಲಿ ಸಾಕಷ್ಟು ಹೊತ್ತು ಹೋಯಿತು.

ಆ ಹೊತ್ತಿನಲ್ಲೇ ಪಕ್ಕದ ಬಾಗಿಲಿನಿಂದ ಮಾವ ಬಂದಿದ್ದರು. ಸದ್ದಿಲ್ಲದೆ ಬಂದರು. ರಾತ್ರಿಯೆಲ್ಲ ನಿಂತು ಬಂದ ಕಾಲು, ಗಂಟಲು ಎತ್ತುವ ತ್ರಾಣವೂ ಇರಲಿಲ್ಲ. ಕುರ್ಚಿ ಕಂಡಿತು. ಸುತ್ತ ಕಟ್ಟಿದ್ದ ಕೆಂಪು ಹಗ್ಗವನ್ನು ಎತ್ತಿ, ಬಗ್ಗಿ, ಒಳಗೆ ಹೋಗಿ ಕೂತರು. ಎರಡೂ ತೋಳಿನ ಮೇಲೆ ಕೈ ಚಾಚಿದರು. ಕಣ್ಣು ಮುಚ್ಚಿದ ಮರುಗಳಿಗೆ ನಿದ್ದೆ.

ನಾನೂ ಆಯ್ತುಬಿಡಿಯೂ ಹಾಲಿಗೆ ವಾಪಸು ಬಂದಾಗ ಹಗ್ಗದ ಸುತ್ತ ಜನ ಸೇರಿತ್ತು. ಒಬ್ಬಾಕೆ ಕಣ್ಣು ಒರೆಸಿಕೊಳ್ಳುತ್ತಿದ್ದಳು. "ಎಷ್ಟು ಜೀವಕಳೆ ನೋಡಿ" ಅಂತ ಒಬ್ಬರು ಪಿಸುಗುಟ್ಟಿದರು. ಆಯ್ತುಬಿಡಿ ನನ್ನ ಕೈ ಎಷ್ಟು ಬಿಗಿಯಾಗಿ ಹಿಡಿದನೆಂದರೆ ಅಂಟೆಲ್ಲ ಅವನ ಹೊಸ ಅಂಗಿಗೆ ಆಯಿತು.

"ಎಬ್ಬಿಸಲಾ ಅಕ್ಕಾ?"

"ಎಬ್ಬಿಸಿದ್ರೆ ಕೂಗ್ತಾರೆ!"

"ಹಾಗಾದ್ರೆ ಬಿಡಲಾ?"

"ಬಿಟ್ರೆ ಗೊರಕೆ ಹೊಡೀತಾರೆ!"

ಏನೂ ತೋಚದೆ ನಿಂತಿದ್ದಾಗಲೇ ಕುಲಪತಿಗಳು, ಮೇಡಂ, ಪ್ರೊಫೆಸರರ ಮಗಳು ಒಳಗೆ ಬಂದರು. ಜನ ದಾರಿ ಬಿಟ್ಟರು. ಮೇಡಂ ಕುರ್ಚಿ ನೋಡಿ ಒಂದು ಕ್ಷಣ ಕಕ್ಕಾಬಿಕ್ಕಿಯಾದರು, ಆಮೇಲೆ ಆಯ್ತುಬಿಡಿಯ ಕಡೆ ತಿರುಗಿ ಕಣ್ಣಲ್ಲೇ ಮೆಚ್ಚಿಕೊಂಡರು. ಇವನೇ ಎಲ್ಲಿಂದಲೋ ಗೊಂಬೆ ಮಾಡಿಸಿ ತಂದಿದ್ದಾನೆ ಅಂತ ಅವರ ಎಣಿಕೆ.

"ಅಬ್ಬಬ್ಬಾ!" ಅಂದರು ಕುಲಪತಿಗಳು. ಬಾಗಿಲಿನ ಸಿಟ್ಟು ಅರ್ಧ ಇಳಿಯಿತು. "ಮೇಣದ್ದಾ?"

"ನಮ್ಮ ವಿಭಾಗದವರದ್ದೇ ಶ್ರಮ ಸರ್" ಅಂದರು ಮೇಡಂ.

"ಉಸಿರಾಡ್ತಾ ಇರೋ ಹಾಗಿದೆಯಲ್ರೀ!"

ಪ್ರೊಫೆಸರರ ಮಗಳು ಕನ್ನಡಕ ಹಾಕಿಕೊಂಡು ಬಗ್ಗಿದರು. "ಆದ್ರೆ ನಮ್ಮಪ್ಪನಿಗೆ ಮೀಸೆ ಇರ್ಲಿಲ್ಲ."

"ಅದು... ಕಲಾವಿದರು ಸ್ವಲ್ಪ ಸ್ವಾತಂತ್ರ್ಯ ತಗೊಂಡಿದಾರೆ" ಅಂದರು ಮೇಡಂ.

"ಕೂದಲು ಮಾತ್ರ ಅಸಲಿ ಅನ್ಸುತ್ತೆ" ಅಂತ ಕುಲಪತಿಗಳು ಕೈ ಚಾಚಿ, ಬೇಡ ಬೇಡ ಅಂತ ಆಯ್ತುಬಿಡಿ ಬಾಯಿ ತೆರೆಯುವಷ್ಟರಲ್ಲಿ, ಮೀಸೆಯ ತುದಿ ಹಿಡಿದು ಎಳೆದರು.

"ಸೈಲೆನ್ಸ್!"

ಗಾಜಿನ ಪೆಟ್ಟಿಗೆಗಳು ಗಲಗಲ ಅಂದವು. ಮೇಲಿನ ಮಹಡಿಯ ವಾಚನಾಲಯದಲ್ಲಿ ವಿದ್ಯಾರ್ಥಿಗಳು ಎದ್ದು ನಿಂತರಂತೆ, ಆಮೇಲೆ ಹೇಳಿದರು. ಕಣ್ಣು ಒರೆಸಿಕೊಳ್ಳುತ್ತಿದ್ದಾಕೆ ಕಿಟಾರನೆ ಕಿರುಚಿ ಹಿಂದಿದ್ದವರ ಮೇಲೆ ಬಿದ್ದಳು. ಕುಲಪತಿಗಳು ಒಂದು ಮಾರು ಹಿಂದೆ ಹಾರಿದರು.

"ಯಾರ್ರೀ ನೀವು, ಮಲಗಿರೋರ ಮೀಸೆ ಎಳೆಯೋಕೆ?" ಅಂದರು ಮಾವ.

"ನಾನು... ನಾನು ಕುಲಪತಿ."

"ಆಗ್ಲಿ. ದೂರ ನಿಂತ್ಕೊಂಡು ಮಾತಾಡಿ." ಮಾವ ಸುತ್ತ ನೋಡಿದರು. ಇಡೀ ಹಾಲಿನಲ್ಲಿ ಕೂತಿದ್ದವರು ಅವರೊಬ್ಬರೇ. ಎಲ್ಲರೂ ನಿಂತಿದ್ದರು, ಕುಲಪತಿಗಳೂ ಸೇರಿ. ಆ ನೋಟ ಅವರಿಗೆ ಹಿಡಿಸಿದ ಹಾಗೆ ಕಂಡಿತು, ಇನ್ನಷ್ಟು ಒರಗಿ ಕೂತರು. "ಈ ಕುರ್ಚಿ ಇಲ್ಲಿಗೆ ಹೇಗೆ ಬಂತು? ಗೊತ್ತಿರೋರು ಮುಂದೆ ಬರಬೇಕು!"

"ಅದು ಪ್ರೊಫೆಸರರ ಕುರ್ಚಿ, ಏಳಿ ಮೊದಲು!" ಅಂದರು ಮೇಡಂ. ಚೀಟಿಯ ಕಡೆ ಬೆರಳು ತೋರಿಸಿದರು. "ಚೀಟಿ ಓದಿ ಬೇಕಾದ್ರೆ."

ಮಾವ ಬಗ್ಗಿ, ಕಣ್ಣು ಕಿರಿದು ಮಾಡಿ ಓದಿದರು. "ಕುಳಿತು ಚಿಂತಿಸುತ್ತಿದ್ದ! ನೋಡಿ ತಾಯಿ, ಈ ಕುರ್ಚೀಲಿ ಇವತ್ತಿನವರೆಗೂ ಯಾರೂ ಚಿಂತಿಸಿಲ್ಲ. ನಾನು ನಿದ್ದೆ ಮಾಡಿದೀನಿ. ಅಷ್ಟೇ."

ಎಲ್ಲೋ ಒಬ್ಬರು ಕಿಸಕ್ಕಂದರು. ಕುಲಪತಿಗಳು ನಗಲಿಲ್ಲ. ಮೊದಲು ಬಾಗಿಲಲ್ಲಿ ಅವಮಾನ, ಈಗ ಇದು. "ಮೇಡಂ, ಏನ್ರೀ ಇದು? ಯಾರು ಈ ಮನುಷ್ಯ? ಕುರ್ಚಿ ಯಾರದು?"

ಪ್ರೊಫೆಸರರ ಮಗಳು ಕನ್ನಡಕ ತೆಗೆದು ಮೇಡಂನ ಮುಖವನ್ನೇ ನೋಡುತ್ತಾ ನಿಂತರು. ಎಲೆಗಳ ಪೆಟ್ಟಿಗೆಗಳೆಲ್ಲ ಕಾಲು ಬಂದು ನಡೆದು ಹೋಗುವುದು ಮೇಡಂಗೆ ಕಾಣಿಸಿರಬೇಕು. ಆಯ್ತುಬಿಡಿಯ ರಟ್ಟೆ ಹಿಡಿದು ಮುಂದೆ ಎಳೆದರು.

"ಕುರ್ಚಿ ತಂದೋರು ಇವರು ಸರ್. ಇವರೇ ಹೇಳ್ತಾರೆ. ಹೇಳ್ರೀ, ಇದು ಪ್ರೊಫೆಸರರ ಕುರ್ಚಿ ತಾನೇ? ಈ ಮುದುಕರು ಯಾರೋ ನಮಗೆ ಗೊತ್ತಿಲ್ಲ ತಾನೇ?" ಆಮೇಲೆ ದನಿ ತಗ್ಗಿಸಿ, ಪಕ್ಕದಲ್ಲೇ ಇದ್ದ ನನಗೆ ಕೇಳಿಸುವ ಹಾಗೆ, "ನಾಳೆ ನಿಮ್ಮ ಕಾಯಂ ಆದೇಶಕ್ಕೆ ಸಹಿ ಹಾಕೋದು ನಾನು. ಹೂಂ ಅನ್ನಿ ಸಾಕು."

ಹೂಂ ಅನ್ನಲು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಕಾವಲುಗಾರ ಆಗಲೇ ಹಗ್ಗ ದಾಟಿ, ಈ ಸಲ ಸರಿಯಾದ ಬಿಳಿ ಮೀಸೆಯ ಹತ್ತಿರ ನಿಂತಿದ್ದ, ಕೈ ಹಿಡಿದು ಎಬ್ಬಿಸುವುದೊಂದೇ ಬಾಕಿ. ಬಾಗಿಲಲ್ಲಿ ಆಯ್ತುಬಿಡಿಯ ಹೆಂಡತಿ ಏದುಸಿರು ಬಿಡುತ್ತಾ ಬಂದು ನಿಂತಳು. ಅಪ್ಪನನ್ನು ನೋಡಿದಳು, ಗಂಡನನ್ನು ನೋಡಿದಳು, ಬಾಯಿಗೆ ಸೆರಗು ಒತ್ತಿಕೊಂಡಳು.

ಮಾವ ಅಳಿಯನನ್ನು ಆಗಷ್ಟೇ ಗಮನಿಸಿದರು. ಕೂಗುತ್ತಾರೆ ಅಂತ ನಾನು ಕಿವಿ ಮುಚ್ಚಿಕೊಳ್ಳಲು ಸಿದ್ಧಳಾದೆ. ಕೂಗಲಿಲ್ಲ. ಆ ಮನುಷ್ಯನಿಗೆ ಅಷ್ಟು ಸಣ್ಣ ದನಿಯೂ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ.

"ಹೇಳಪ್ಪಾ" ಅಂದರು.

ಆಯ್ತುಬಿಡಿಯ ತುಟಿ ಅಲುಗಿತು. "ಆ..." ಅಂದ. ಬಂತು, ಅದೇ ಬಂತು ಅಂದುಕೊಂಡು ನಾನು ಕಣ್ಣು ಮುಚ್ಚಿದೆ.

"ಆಗಲ್ಲ ಮೇಡಂ."

ಕಣ್ಣು ಬಿಟ್ಟೆ. ಅವನೇ ಹೇಳಿದ್ದು.

"ಆಗಲ್ಲ. ಇದು ನಮ್ಮ ಮಾವನ ಕುರ್ಚಿ. ಅವರನ್ನ ಕೇಳದೆ ತಂದೆ. ಅವರು ಇದೊಂದರಲ್ಲೇ ಕೂರೋದು. ಬೇರೆ ಎಲ್ಲಾ ಕಡೆ ನಿಂತೇ ಕಳೆದಿದಾರೆ. ಅವರ ಮೈ ಮುಟ್ಟಬೇಡ ಅಂತ ಹೇಳಿ ಕಾವಲುಗಾರನಿಗೆ." ಮೇಡಂ ಕೈಯಿಂದ ರಟ್ಟೆ ಬಿಡಿಸಿಕೊಂಡ. "ಆದೇಶ ಬೇಡ ಬಿಡಿ."

ನನಗೆ ಅಳು ಬಂತು ಅಂದರೆ ಬಂತು, ಅದರಲ್ಲಿ ನಾಚಿಕೆ ಏನಿದೆ? ಮೇಡಂ ಬೆಳ್ಳಗಾದರು. ಕುಲಪತಿಗಳ ಮುಖ ಕೆಂಪಾಯಿತು. ಅಷ್ಟರಲ್ಲಿ ಪ್ರೊಫೆಸರರ ಮಗಳು ನಗಲು ಶುರು ಮಾಡಿದರು. ಮೊದಲು ಮೆಲ್ಲಗೆ, ಆಮೇಲೆ ತಡೆಯಲಾರದೆ, ಹಗ್ಗದ ಕಂಬ ಹಿಡಿದುಕೊಂಡು.

"ನಮ್ಮಪ್ಪ ಕುರ್ಚೀಲಿ ಕೂತಿದ್ದೇ ನಾನು ನೋಡಿಲ್ಲ! ಮನೆ ತುಂಬ ಎಲೆ ಹರಡ್ಕೊಂಡು ನೆಲದ ಮೇಲೆ ಬೋರಲು ಮಲಗಿರ್ತಿದ್ರು. ಆ ಕುರ್ಚಿ ಫೋಟೋ ಸ್ಟುಡಿಯೋದ್ದು. ಅದು ಚುಚ್ಚುತ್ತೆ ಅಂತ ಮನೆಗೆ ಬರೋ ತನಕ ಬೈಕೊಂಡು ಬಂದಿದ್ರು." ಕಣ್ಣು ಒರೆಸಿಕೊಂಡು ಮೇಡಂ ಕಡೆ ತಿರುಗಿದಾಗ ನಗು ನಿಂತಿತ್ತು. "ಪೆಟ್ಟಿಗೆಗಳನ್ನ ಕೊಡ್ತೀನಿ. ಆದ್ರೆ ಒಂದೊಂದು ಚೀಟಿಯನ್ನೂ ಮೊದಲು ಈ ಕುರ್ಚಿ ತಂದವರಿಗೆ ಓದಿ ಹೇಳಿ. ಇವರು ಆಗಲ್ಲ ಅಂದ್ರೆ ಹಾಕಬೇಡಿ."

ಕುಲಪತಿಗಳಿಗೆ ಬೇಗ ಮುಗಿದರೆ ಸಾಕಾಗಿತ್ತು. "ಕುರ್ಚಿ ಈಗಲೇ ಇವರ ಮನೆಗೆ ಕಳ್ಸಿ."

"ಆಗಲ್ಲ ಸರ್" ಅಂತ ಹಿಂದಿನಿಂದ ಕೇಳಿಸಿತು. ನಂಬರಪ್ಪ. "ನಂಬರು ಬಿದ್ದಿದೆ. ಸಮಿತಿ ಒಪ್ಪಬೇಕು."

"ಯಾವ ಸಮಿತಿ? ಅದರ ಅಧ್ಯಕ್ಷರು ಯಾರು?"

"ತಾವೇ ಸರ್."

"ಯಾವಾಗ ಸೇರಿತ್ತು?"

"ಅದು ತಮಗೇ ಗೊತ್ತಿರಬೇಕು ಸರ್."

ಕುಲಪತಿಗಳು ಮೀಸೆ ಸವರಿಕೊಂಡರು. "ಬೇರೆ ದಾರಿ ಇಲ್ವೇನ್ರೀ?"

"ಎರವಲು ಕೊಡಬಹುದು ಸರ್. ಗ್ರಂಥಾಲಯದ ವಸ್ತು ಇವರ ಮನೇಲಿ ಎರವಲಿಗೆ ಇರಬಹುದು. ಆದ್ರೆ ವಸ್ತು ಇರೋ ಜಾಗದಲ್ಲಿ ನಮ್ಮ ಕಾಯಂ ನೌಕರರೊಬ್ಬರು ಉಸ್ತುವಾರಿಗೆ ವಾಸ ಇರಬೇಕು. ಆ ಮನೇಲಿ ಯಾರೂ ಕಾಯಂ ಇಲ್ಲ."

"ಅಯ್ಯೋ, ಹಾಗಾದ್ರೆ ಇವರನ್ನ ಕಾಯಂ ಮಾಡಿ ಸಾಯ್ರಿ!" ಅಂತ ಕುಲಪತಿಗಳು ಕಿರುಚಿ, ರಿಬ್ಬನ್ನು ಕತ್ತರಿಸುವುದನ್ನೂ ಮರೆತು ಹೊರಟುಹೋದರು.

ಹೀಗೆ ನಮ್ಮ ವಿಶ್ವವಿದ್ಯಾಲಯದ ಇತಿಹಾಸದಲ್ಲೇ ಮೊದಲ ಬಾರಿಗೆ ಒಂದು ಕುರ್ಚಿಯ ದೆಸೆಯಿಂದ ಒಬ್ಬ ನೌಕರ ಕಾಯಂ ಆದ. ಸಾಮಾನ್ಯವಾಗಿ ಇದು ತಿರುಗಾಮುರುಗಾ ಆಗುತ್ತದೆ.

ಕಾಯಂ ಆದೇಶ ಕೈಗೆ ಬಂದ ಮೇಲೆ ಕುರ್ಚಿ ಮನೆಗೆ ಬಂತು, ಷರತ್ತುಗಳ ಜೊತೆ. ಬಿಸಿಲು ಬೀಳಬಾರದು. ಒದ್ದೆ ಬಟ್ಟೆ ತಾಗಿಸಬಾರದು. ಸುತ್ತ ಹಗ್ಗ ಇರಬೇಕು. ಎರವಲು ವಸ್ತುವಿನ ಮೇಲೆ ಯಾರೂ ಕೂರತಕ್ಕದ್ದಲ್ಲ. ಕುರ್ಚಿ ಬಂದ ದಿನವೇ ಮಾವ ಹಗ್ಗ ದಾಟಿ ಕೂತರು. ಹಗ್ಗಕ್ಕೆ ಟವೆಲು ಒಣಹಾಕಿದರು. ಅಳಿಯನ ಜೊತೆ ಮಾತ್ರ ಮಾತಿಲ್ಲ. ಕೇಳದೆ ತೆಗೆದುಕೊಂಡು ಹೋದದ್ದನ್ನು ಅವರು ಮರೆತಿರಲಿಲ್ಲ. ಗೋಡೆಯಾಚೆಯಿಂದ ನನಗೆ ಕುರ್ಚಿಯ ಕಿರುಗುಟ್ಟುವಿಕೆ ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲ. ನನಗೇ ಬೇಜಾರಾಗತೊಡಗಿತ್ತು.

ಷರತ್ತು ಪಾಲಿಸುತ್ತಿದ್ದಾರಾ ಅಂತ ನೋಡುವ ತಪಾಸಣೆಯ ದಿನ ಬಂತು. ಹೊಲಿಗೆ ನೋಡಬೇಕು ಅಂತ ನಂಬರಪ್ಪ ನನ್ನನ್ನೂ ಕರೆದುಕೊಂಡು ಹೊರಟ. ಯಾರಾದರೂ ಕೂತಿರುವುದು ಅವನ ಕಣ್ಣಿಗೆ ಬಿದ್ದರೆ ಎರವಲು ರದ್ದು. ಎರವಲು ಹೋದರೆ ಉಸ್ತುವಾರಿ ಇಲ್ಲ, ಉಸ್ತುವಾರಿ ಇಲ್ಲದಿದ್ದರೆ ಹುದ್ದೆ ಇಲ್ಲ. ಬೇಕೆಂತಲೇ ಬಾಗಿಲಲ್ಲಿ ಜೋರಾಗಿ ಕೆಮ್ಮಿದೆ. ಒಳಗೆ ಆಯ್ತುಬಿಡಿಯ ದನಿ ಅಳುವ ಹಾಗೆ ಕೇಳಿಸಿತು: "ಮಾವಾ, ಬಂದ್ರು, ಒಂದು ನಿಮಿಷ ಏಳಿ ಮಾವಾ, ಕೈ ಮುಗೀತೀನಿ!" ಕುರ್ಚಿ ಕಿರುಗುಟ್ಟಿತು. ಸ್ವಲ್ಪ ತಳ್ಳಾಟದ ಸದ್ದು. ಮತ್ತೆ ಕಿರುಗುಟ್ಟಿತು.

ಅವನ ಹೆಂಡತಿ ಬಾಗಿಲು ತೆರೆದಳು. ಮಾವ ಹಗ್ಗದ ಆಚೆ, ನ್ಯಾಯಾಲಯದಲ್ಲಿ ನಿಲ್ಲುತ್ತಿದ್ದ ಹಾಗೆ, ಎದೆ ಸೆಟೆಸಿ ನಿಂತಿದ್ದರು. ಅವರ ಒಂದು ಕೈ ಅಳಿಯನ ಹೆಗಲ ಮೇಲಿತ್ತು. ಆ ಕೈಯೇ ಅವನನ್ನು ಕುರ್ಚಿಯೊಳಕ್ಕೆ ಒತ್ತಿ ಕೂರಿಸಿತ್ತು. ಆಯ್ತುಬಿಡಿ ಎಂದಿನ ಹಾಗೆ ತುದಿಯಲ್ಲೇ ಕೂತಿದ್ದ.

ನಂಬರಪ್ಪ ಪೆನ್ಸಿಲು ತೆಗೆದ. "ವಸ್ತುವಿನ ಮೇಲೆ ಯಾರೂ ಕೂರೋ ಹಾಗಿಲ್ಲ ಅಂತ..."

"ಸೈಲೆನ್ಸ್!" ಅಂದರು ಮಾವ. "ಕಾಯಂ ನೌಕರರು ತಪಾಸಣೆ ಮಾಡ್ತಾ ಇದಾರೆ. ಮುಗಿಯೋವರೆಗೆ ನಿಂತ್ಕೊಂಡಿರಿ."

ನಂಬರಪ್ಪ ನಿಂತ. ಮಾವ ಅಳಿಯನ ಕಡೆ ಬಗ್ಗಿ, ಆವತ್ತು ಹಾಲಿನಲ್ಲಿ ಆಡಿದ ಅದೇ ಸಣ್ಣ ದನಿಯಲ್ಲಿ, "ಪೂರ್ತಿ ಒರಗಿ ಕೂತ್ಕೋ" ಅಂದರು.

"ಆಯ್ತು ಬಿಡಿ ಮಾವಾ" ಅಂದ ಅವನು, ಆಮೇಲೆ ಪೂರ್ತಿ ಒರಗಿದ.